ಎಲ್ಲರಿಗೂ ಇಲ್ಲದ ಸೇತುವೆ

ಬಹಳ ಹಿಂದೆ, ಅಂದರೆ ಇದು ನಮ್ಮನ್ನೇ ಕುರಿತದ್ದೆಂದು ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಸಮಪಾಲ ಎಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜಾಧಿರಾಜ ನಿಷ್ಪಕ್ಷವರ್ಮರು ಆಳುತ್ತಿದ್ದರು. ತಮಗೆ ಪ್ರಜೆಗಳೆಲ್ಲರೂ ಸಮಾನರೆಂದು ಮಹಾರಾಜರು ದಿನಕ್ಕೆರಡು ಬಾರಿ, ಊಟಕ್ಕೆ ಮುಂಚೆ ಒಮ್ಮೆ ಮತ್ತು ತೇಗಿದ ಮೇಲೆ ಒಮ್ಮೆ, ಸಾರುತ್ತಿದ್ದರು. ಆಸ್ಥಾನದ ಲಿಪಿಕಾರ ಎರಡನ್ನೂ ಪ್ರತ್ಯೇಕ ಪತ್ರಿಕಾ ಪ್ರಕಟಣೆಯಾಗಿ ಹೊರಡಿಸುತ್ತಿದ್ದ.

ರಾಜ್ಯದ ನಡುವೆ ಒಂದು ನದಿ. ನದಿಯ ಒಂದು ಮಗ್ಗುಲಿಗೆ ಅರಮನೆಯ ದಡ. ಅರಮನೆ, ಆಸ್ಪತ್ರೆ, ನ್ಯಾಯಸ್ಥಾನ, ಪಾಠಶಾಲೆ, ಸೆರೆಮನೆ ಎಲ್ಲವೂ ಅಲ್ಲೇ. ಇನ್ನೊಂದು ಮಗ್ಗುಲಿಗೆ ಹೊಲದ ದಡ. ಅಲ್ಲಿ ಹೊಲ, ಗಾಣ, ದನದ ಕೊಟ್ಟಿಗೆ, ಮಾವಿನ ತೋಪು ಮತ್ತು ಬಹುಪಾಲು ಜನ. ಎರಡನ್ನೂ ಕೂಡಿಸುವ ಹನ್ನೊಂದು ಕಮಾನಿನ ಕಲ್ಲಿನ ಸೇತುವೆಗೆ ಸಮತಾಸೇತು ಎಂದು ಹೆಸರು. ಎರಡೂ ತುದಿಯಲ್ಲಿ ಆಳೆತ್ತರದ ಶಾಸನ: 'ಸರ್ವರಿಗಾಗಿ'.

ಈ ಸೇತುವೆಯನ್ನು ಕಟ್ಟಿದವರು ದೋಣಿಗರು. ಈಗಿನ ಮಹಾರಾಜರ ಮುತ್ತಾತ ಕಡಲಾಚೆಯ ನಾಡಿನಿಂದ ಜನರನ್ನು ಸೆರೆಹಿಡಿಸಿ, ದೋಣಿಗಳಲ್ಲಿ ತುಂಬಿಸಿ ತಂದು, ಕಲ್ಲು ಹೊರಲು ಹಚ್ಚಿದ್ದ. ದೋಣಿಯಲ್ಲಿ ಬಂದ ಕಪ್ಪು ಮೈಯವರು ದೋಣಿಗರಾದರು. ಮೊದಲಿಂದ ಇಲ್ಲಿದ್ದ ಬಿಳಿಚು ಮೈಯವರು ತಮ್ಮನ್ನು ನೆಲದವರೆಂದು ಕರೆದುಕೊಂಡರು. ಅವರ ಪೂರ್ವಜರು ಇದೇ ನೆಲದಿಂದ ಗೆಣಸಿನಂತೆ ಮೂಡಿ ಬಂದರೆಂಬುದು ಆಸ್ಥಾನದ ಇತಿಹಾಸಕಾರರ ಖಚಿತ ಅಭಿಪ್ರಾಯ.

ಸೇತುವೆಗೆ ಕೊನೆಯ ಕಲ್ಲು ಕೂರಿಸಿದ ದಿನ ದೋಣಿಗರಿಗೆ ಒಂದೊಂದು ತೆಂಗಿನಕಾಯಿ ಕೊಟ್ಟು, ರಾಜಾಜ್ಞೆಯನ್ನು ಓದಲಾಯಿತು. "ದೋಣಿಯಲ್ಲಿ ಬಂದವರಿಗೆ ದೋಣಿಯೇ ಸಂಸ್ಕೃತಿ. ಆ ಸಂಸ್ಕೃತಿಯನ್ನು ರಕ್ಷಿಸುವುದು ಪ್ರಭುತ್ವದ ಹೊಣೆ. ಆದಕಾರಣ ನೆಲದವರು ಸೇತುವೆಯ ಮೇಲೆ ನಡೆಯತಕ್ಕದ್ದು, ದೋಣಿಗರು ದೋಣಿಯಲ್ಲಿ ದಾಟತಕ್ಕದ್ದು. ಎರಡೂ ಆಚೆ ದಡ ಮುಟ್ಟಿಸುವುದರಿಂದ ಎರಡೂ ಸಮ." ಈ ಘನ ಸಿದ್ಧಾಂತಕ್ಕೆ 'ಬೇರೆ, ಆದರೂ ಬರಾಬರಿ' ಎಂದು ಹೆಸರಿಟ್ಟು ಪಾಠಶಾಲೆಯ ಮಕ್ಕಳಿಂದ ಬಾಯಿಪಾಠ ಮಾಡಿಸಿದರು.

ಕಾಲ ಕಳೆದಂತೆ ಒಂದು ತೊಡಕು ಎದ್ದಿತು. ಬಿಸಿಲಲ್ಲಿ ದುಡಿದ ನೆಲದವರು ಕಪ್ಪಾಗುತ್ತಿದ್ದರು. ಆದ್ದರಿಂದ ಸೇತುವೆಯ ಬಾಗಿಲಲ್ಲಿ ಹನ್ನೆರಡು ಬಣ್ಣದ ಪಟ್ಟಿಗಳಿದ್ದ ಒಂದು ಹಲಗೆಯನ್ನು ನೇತುಹಾಕಿ, ಬಂದವರ ಮುಂಗೈಯನ್ನು ಅದಕ್ಕೆ ಹಿಡಿದು ನೋಡುವ ಪದ್ಧತಿ ಜಾರಿಗೆ ಬಂತು. ಏಳನೆಯ ಪಟ್ಟಿಯವರೆಗೆ ನೆಲದವರು. ಸುಗ್ಗಿಯ ತಿಂಗಳಲ್ಲಿ ಮಾತ್ರ ನೆಲದ ರೈತರಿಗೆ ಎರಡು ಪಟ್ಟಿಗಳ ರಿಯಾಯಿತಿ. ಅದಕ್ಕೆ ಅರ್ಜಿ, ಅರ್ಜಿಗೆ ಮೂರು ಪ್ರತಿ.

ಇಂಥ ರಾಜ್ಯದಲ್ಲಿ ಹೊಂಬಾಳವ್ವ ಎಂಬ ಹೆಂಗಸಿದ್ದಳು. ದೋಣಿಗರವಳು. ವಯಸ್ಸು ಐವತ್ತರ ಆಸುಪಾಸು. ಮಹಾಮಂತ್ರಿ ತಥಾಸ್ತುರಾಯರ ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ದಿನಾ ಬೆಳಗ್ಗೆ ಹೊಲದ ದಡದಿಂದ ದೋಣಿಯಲ್ಲಿ ಹೋಗುವಳು, ಸಂಜೆ ದೋಣಿಯಲ್ಲಿ ಬರುವಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಇದ್ದವಳು ಒಬ್ಬಳೇ ಮಗಳು, ನೀಲಿ. ನೀಲಿಗೆ ಮದುವೆಯಾಗಿ ಎರಡು ವರ್ಷ. ಗಂಡ ಗಾಣದಲ್ಲಿ ಕೂಲಿ. ಚೊಚ್ಚಲ ಬಸಿರಾಗಿ ತವರಿಗೆ ಬಂದಿದ್ದಳು.

ಆಷಾಢದ ಒಂದು ಮುಂಜಾನೆ ನೀಲಿಗೆ ನೋವು ಶುರುವಾಯಿತು. ಬಿಸಿಲೇರುವ ಹೊತ್ತಿಗೆ ಸೂಲಗಿತ್ತಿ ಹೊರಗೆ ಬಂದು, ಮಗು ಅಡ್ಡ ತಿರುಗಿದೆ, ತನ್ನಿಂದ ಆಗುವುದಿಲ್ಲ, ಆಸ್ಪತ್ರೆಗೆ ಸಾಗಿಸಿ ಎಂದಳು. ಅಳಿಯನೂ ನೆರೆಯವರೂ ನೀಲಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಸೇತುವೆಯ ಬಾಗಿಲಿಗೆ ತಂದರು. ನದಿ ಕೆಂಪಗೆ, ದಡ ಮೀರಿ ಹರಿಯುತ್ತಿತ್ತು.

ಬಾಗಿಲಲ್ಲಿ ಕಾವಲಿಗಿದ್ದವನು ಭರಮಣ್ಣ. ನೆಲದವನು, ಬಡವ. ಮಹಾಮಂತ್ರಿಗಳ ಮನೆಯಲ್ಲಿ ಔತಣ ನಡೆದ ದಿನ ಹಿತ್ತಲಲ್ಲಿ ಕೂತು ಹೊಂಬಾಳವ್ವನ ಕೈಯಿಂದ ಎಷ್ಟೋ ಬಾರಿ ಉಂಡವನು.

"ಭರಮಣ್ಣ, ನೀರು ನೋಡು ಹೆಂಗೆ ಹರೀತಾ ಅದೆ," ಎಂದಳು ಹೊಂಬಾಳವ್ವ. "ದೋಣಿ ಹಾಯಿಸಕೆ ಗಂಟೆ ಹಿಡೀತದೆ. ಇದರ ಮ್ಯಾಲೆ ಆದ್ರೆ ಮುನ್ನೂರು ಹೆಜ್ಜೆ. ಒಂದ್ ದಪ ಬುಟ್ಬುಡಪ್ಪ."

ಭರಮಣ್ಣ ಜೋಲಿಯ ಕಡೆ ನೋಡಿದ. ಬಣ್ಣದ ಹಲಗೆಯ ಕಡೆ ನೋಡಿದ. "ಅವ್ವಾ, ನಿನ್ ಕೈ ಅನ್ನ ತಿಂದಿವ್ನಿ. ಆದ್ರೆ ಬುಟ್ರೆ ನನ್ ಪೇಟ ಕಿತ್ಕೊತಾರೆ. ನಂಗೂ ಮೂರ್ ಮಕ್ಕಳವೆ. ದೋಣಿನೂ ಅಷ್ಟೆ, ಇದೂ ಅಷ್ಟೆ, ಬರಾಬರಿ ಅಂತ ಬರೆದವ್ರಲ್ಲ..." ಎಂದು ಹೇಳಿ, ತನ್ನ ಮಾತನ್ನು ತಾನೇ ಕೇಳಲಾರದವನಂತೆ ಮುಖ ಆಚೆ ತಿರುಗಿಸಿದ.

ದೋಣಿಯನ್ನು ಬಿಟ್ಟರು. ಸೆಳವು ಅದನ್ನು ಎರಡು ಬಾರಿ ಕೆಳಕ್ಕೆ ಒಯ್ದಿತು, ಎರಡು ಬಾರಿ ಹುಟ್ಟು ಹಾಕಿ ಮೇಲಕ್ಕೆ ತಂದರು. ಅದೇ ಹೊತ್ತಿಗೆ ಸೇತುವೆಯ ಮೇಲೆ ಒಂದು ಪಲ್ಲಕ್ಕಿ ಸಾಗುತ್ತಿತ್ತು. ಒಳಗೆ ಮಹಾಮಂತ್ರಿಗಳ ನಾಯಿ ಇತ್ತು. ಮಾವಿನ ತೋಪಿನಲ್ಲಿ ಹವಾ ಬದಲಾವಣೆ ಮುಗಿಸಿಕೊಂಡು ಮನೆಗೆ ಮರಳುತ್ತಿತ್ತು. ನಾಯಿಯ ಬಣ್ಣ ಹಲಗೆಯ ಹನ್ನೆರಡನೆಯ ಪಟ್ಟಿಗಿಂತಲೂ ಕಪ್ಪು. ಆದರೆ ಆಜ್ಞೆಯಲ್ಲಿ ನಾಯಿಯ ಪ್ರಸ್ತಾಪವಿರಲಿಲ್ಲ.

ನಡುನೀರಿನಲ್ಲಿ, ಆರನೆಯ ಕಮಾನಿನ ಕೆಳಗೆ, ನೀಲಿ ತಾಯಿಯ ಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದಳು. ಆಮೇಲೆ ಹಿಡಿತ ಸಡಿಲವಾಯಿತು. ದೋಣಿ ಆಚೆ ದಡ ಮುಟ್ಟಿತು. ಸಿದ್ಧಾಂತದಲ್ಲಿ ಹೇಳಿದಂತೆಯೇ ಮುಟ್ಟಿತು. ನೀಲಿಯೂ ಉಳಿದಿರಲಿಲ್ಲ, ಮಗುವೂ ಉಳಿದಿರಲಿಲ್ಲ.

ನಾಲ್ಕನೆಯ ದಿನ ಹೊಂಬಾಳವ್ವ ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ತಥಾಸ್ತುರಾಯರು ತಾವಾಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಇದು ಅವರ ಸೇವಾವಧಿಯಲ್ಲೇ ಮೊದಲು.

"ಹೊಂಬಾಳವ್ವ, ಸುದ್ದಿ ಕೇಳಿ ಬಹಳ ನೋವಾಯಿತು," ಎಂದರು. "ಮಹಾರಾಜರಿಗೂ ನೋವಾಗಿದೆ. ಸಂತಾಪಸೂಚಕ ಪತ್ರಕ್ಕೆ ರುಜು ಬಿದ್ದಿದೆ. ನಿಮ್ಮ ಕಡೆಗೆ ಹೋಗೋ ಪತ್ರ ಆದ್ದರಿಂದ ದೋಣಿಯಲ್ಲೇ ಬರಬೇಕು, ಸ್ವಲ್ಪ ತಡ ಆಗಬಹುದು."

ಹೊಂಬಾಳವ್ವ ಬೇಳೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಂದಹಾಗೆ, ಈ ಮೂರು ದಿನ ಮನೆಯಲ್ಲಿ ಹುಳಿಯನ್ನು ಬಾಯಿಗಿಡೋ ಹಾಗಿರಲಿಲ್ಲ. ಇವತ್ತು ಸ್ವಲ್ಪ ಮನಸ್ಸಿಟ್ಟು ಮಾಡು."

ಆಗ ಅವಳು ತಲೆ ಎತ್ತಿದಳು. "ಬುದ್ಧೀ, ನಾನ್ ಮುಟ್ಟಿದ್ ಅನ್ನ ನಿಮ್ ಹೊಟ್ಟೆ ಒಳೀಕೆ ಹೋಯ್ತದೆ. ನಾನ್ ತುಳಿದ್ ಕಲ್ಲು ನಿಮ್ ಕಾಲಡೀಗೂ ಆಗಕಿಲ್ವಾ?"

ತಥಾಸ್ತುರಾಯರು ಯೋಚಿಸಿದರು. "ಅನ್ನ ಖಾಸಗಿ ವಿಷಯ, ಹೊಂಬಾಳವ್ವ. ಕಲ್ಲು ಆಡಳಿತಾತ್ಮಕ."

ಹೊಂಬಾಳವ್ವ ಬೇಳೆಯ ಪಾತ್ರೆಯನ್ನು ಒಲೆಯ ಪಕ್ಕ ಇಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಹಿತ್ತಲ ಬಾಗಿಲಿಂದಲ್ಲ, ಮುಂಬಾಗಿಲಿಂದ ಹೊರಬಿದ್ದು, ರಾಜಬೀದಿಯಲ್ಲಿ ನಡೆದು, ಅರಮನೆಯ ಕಡೆಯ ತುದಿಯಿಂದ ನೇರವಾಗಿ ಸೇತುವೆಯ ಮೇಲೆ ಕಾಲಿಟ್ಟಳು. ಆ ತುದಿಯಿಂದ ಯಾರಾದರೂ ನುಗ್ಗಿಯಾರೆಂದು ನೂರು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆ ಕಡೆ ಬಣ್ಣದ ಹಲಗೆಯೇ ಇರಲಿಲ್ಲ. ಕಾವಲಿನವನು ಕೂಗಿಕೊಳ್ಳುವುದರೊಳಗೆ ಅವಳು ಆರನೆಯ ಕಮಾನಿನ ಮೇಲೆ ಕೂತಿದ್ದಳು.

ಇನ್ನೊಂದು ತುದಿಯಿಂದ ಭರಮಣ್ಣ ಓಡಿ ಬಂದ. "ಎದ್ದೇಳವ್ವ, ನಿನ್ ಕಾಲಿಗೆ ಬೀಳ್ತೀನಿ. ನೋಡಿದ್ರೆ ಒಳೀಕ್ ಹಾಕ್ತಾರೆ."

"ಹಾಕ್ಲಿ ಕಣ್ ಭರಮಣ್ಣ. ನಾನೇನ್ ಮಾಡ್ತಿಲ್ಲ, ನೀರು ನೋಡ್ತಿವ್ನಿ. ನನ್ ಮಗಳು ಎಲ್ಲಿ ಹೋದ್ಲು ಅಂತ ಇಲ್ಲಿಂದ ಸಂದಾಗಿ ಕಾಣ್ತದೆ."

ಅವಳನ್ನು ಬಂಧಿಸಿದರು. ದೋಷಾರೋಪಣೆ ಬರೆಯಲು ಅಧಿಕಾರಿಗಳಿಗೆ ಅರ್ಧ ದಿನ ಬೇಕಾಯಿತು. ಕೊನೆಗೆ, 'ಪೂರ್ವಾನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ದುಃಖಿಸಿದ್ದು' ಎಂದು ಬರೆದರು.

ಅವಳ ಪರವಾಗಿ ನಿಂತವನು ವಕೀಲ ಅಂಕಯ್ಯ. ದೋಣಿಗರಲ್ಲಿ ವಕೀಲನಾದವನು ಅವನೊಬ್ಬನೇ. ಇಪ್ಪತ್ತು ವರ್ಷ ನ್ಯಾಯಸ್ಥಾನದ ಕಸ ಗುಡಿಸುತ್ತ, ಬಾಗಿಲ ಮರೆಯಲ್ಲಿ ನಿಂತು ವಾದ ಕೇಳುತ್ತ ಕಾನೂನು ಕಲಿತವನು. ದೋಣಿಗರು ವಕೀಲಿ ಪರೀಕ್ಷೆ ಬರೆಯಬಾರದೆಂಬ ನಿಯಮ ಇರಲಿಲ್ಲ. ಅವರು ಬರೆದಾರೆಂದು ಯಾರೂ ಎಣಿಸಿರಲಿಲ್ಲ. ಅವನು ಪಾಸಾದ ಮಾರನೆಯ ದಿನ ನಿಯಮ ಬಂತು.

ನ್ಯಾಯಾಧೀಶರು ಸಾವಧಾನಯ್ಯನವರು. ಯಾವ ತೀರ್ಪನ್ನೂ ಅವಸರದಲ್ಲಿ ಕೊಟ್ಟವರಲ್ಲ. ಬಹಳಷ್ಟು ತೀರ್ಪುಗಳನ್ನು ಕೊಟ್ಟವರೇ ಅಲ್ಲ. ಸರ್ಕಾರಿ ವಕೀಲರು ಎದ್ದು, ದೋಣಿಯೂ ಸೇತುವೆಯೂ ಸಮಾನವೆಂದು ಎರಡು ಗಂಟೆ ಕಾಲ ಶಾಸ್ತ್ರಪ್ರಮಾಣ ಕೊಟ್ಟು ಕುಳಿತರು. ಅಂಕಯ್ಯ ಒಂದೇ ಮಾತು ಕೇಳಿದ.

"ಮಹಾಸ್ವಾಮಿ, ಸಂಜೆ ತಾವು ಮಾವಿನ ತೋಪಿಗೆ ಹೋಗುವಾಗ ಇವತ್ತೊಂದು ದಿನ ದೋಣಿಯಲ್ಲಿ ಹೋಗಬಹುದಲ್ಲವೆ? ಎರಡೂ ಒಂದೇ ತಾನೆ?"

ಸಾವಧಾನಯ್ಯನವರು ಕಿಟಕಿಯಾಚೆ ಕೆಂಪಗೆ ಹರಿಯುತ್ತಿದ್ದ ನದಿಯನ್ನು ನೋಡಿದರು. "ನನಗೆ ನೀರೆಂದರೆ ತಲೆಸುತ್ತು."

"ಆ ತಲೆಸುತ್ತನ್ನೂ ಸಮಾನವಾಗಿ ಹಂಚಬೇಕಲ್ಲವೆ, ಮಹಾಸ್ವಾಮಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಕ್ಕವರನ್ನು ಹೊರಗೆ ಹಾಕಿ, ಪ್ರಕರಣವನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡಲಾಯಿತು. ಹೊಂಬಾಳವ್ವನನ್ನು ಅಲ್ಲಿಯವರೆಗೆ ಬಿಟ್ಟರು.

ಅವಳು ಮನೆಗೆ ಬಂದಾಗ ಅಂಗಳದ ತುಂಬ ಜನ. "ಏನ್ ಮಾಡಾನವ್ವ?" ಎಂದು ಕೇಳಿದರು. ಅವಳಿಗೆ ಭಾಷಣ ಗೊತ್ತಿರಲಿಲ್ಲ.

"ದೋಣಿ ನಿಮ್ದು, ನಿಮ್ ಸಂಸ್ಕೃತಿ ಅಂತಾರಲ್ಲ," ಎಂದಳು. "ನಮ್ದೇ ಆದ್ರೆ ಎಳೆದು ದಡಕ್ಕೆ ಹಾಕಾನ. ಯಾರೂ ಆಚೀಕೆ ಹೋಗದೇ ಬ್ಯಾಡ."

ಮಾರನೆಯ ದಿನ ಹೊಲದ ದಡದಲ್ಲಿ ಇನ್ನೂರು ದೋಣಿಗಳು ಮಗುಚಿ ಬಿದ್ದಿದ್ದವು. ಅರಮನೆಯ ದಡಕ್ಕೆ ಅಡುಗೆಯವರು ಬರಲಿಲ್ಲ. ಹಾಲಿನವರು, ಕಸ ಗುಡಿಸುವವರು, ಬಟ್ಟೆ ಒಗೆಯುವವರು, ಕ್ಷೌರದವರು, ಕುದುರೆ ಮಾಲೀಸಿನವರು ಯಾರೂ ಬರಲಿಲ್ಲ. ಮೊದಲ ವಾರ ಆಸ್ಥಾನಿಕರು ನಕ್ಕರು. ಎರಡನೆಯ ವಾರ ಗಡ್ಡ ಬಿಟ್ಟರು. ಮೂರನೆಯ ವಾರ ಮಹಾರಾಜರ ಒಡ್ಡೋಲಗದಲ್ಲಿ ಊದುಬತ್ತಿಯ ಖರ್ಚು ನಾಲ್ಕು ಪಟ್ಟು ಏರಿತು.

"ಮಹಾಮಂತ್ರಿಗಳೇ," ಎಂದರು ಮಹಾರಾಜರು, ಸಿಪ್ಪೆ ಸಹಿತವಾದ ಸೌತೆಕಾಯಿಯನ್ನು ಕಡಿಯುತ್ತ, "ಪ್ರಜೆಗಳು ಸುಖವಾಗಿರುವರಷ್ಟೆ?"

"ಪ್ರಭು, ಸುಖದ ಸೂಚ್ಯಂಕ ಸಾರ್ವಕಾಲಿಕ ದಾಖಲೆ ಮುಟ್ಟಿದೆ. ಸಮೀಕ್ಷೆ ನಡೆಸಿದ್ದೇವೆ."

"ಯಾರಲ್ಲಿ?"

"ಸಮೀಕ್ಷಕರಲ್ಲಿ, ಪ್ರಭು."

"ದೋಣಿಗರು?"

"ಅವರೂ ಸಂತುಷ್ಟರೇ. ಹೊರಗಿನವರು ಯಾರೋ ಅವರ ಕಿವಿ ಊದಿದ್ದಾರೆ. ಅವರು ಇಲ್ಲಿಗೆ ಬಂದು ನೂರು ವರ್ಷವಾಯಿತು, ಇಷ್ಟು ಕಾಲ ದುಃಖವಿಲ್ಲದವರಿಗೆ ಈಗೆಲ್ಲಿಂದ ಬಂತು ದುಃಖ?"

"ಅಮೋಘ," ಎಂದ ಮಹಾರಾಜರು ಇನ್ನೊಂದು ಸೌತೆಕಾಯಿಗೆ ಕೈ ಚಾಚಿದರು.

ಆಚೆ ದಡದಲ್ಲಿ ಸೌತೆಕಾಯಿಯೂ ಇರಲಿಲ್ಲ. ಕೂಲಿ ನಿಂತುಹೋಗಿತ್ತು. ಹೊಂಬಾಳವ್ವ ತನ್ನ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಒಂದು ಹಂಡೆ ಇಟ್ಟು, ಯಾರು ಏನು ತಂದರೂ ಅದರಲ್ಲಿ ಬೇಯಿಸಿ ಎಲ್ಲರಿಗೂ ಬಡಿಸಿದಳು. ಸೊಪ್ಪು, ಗೆಡ್ಡೆ, ಹಲಸಿನ ಬೀಜ. ಮಹಾಮಂತ್ರಿಗಳ ಹುಳಿಗೆ ಮಸಾಲೆ ಅರೆದ ಕೈ, ಈಗ ಬರೀ ಉಪ್ಪು ನೀರಿಗೆ ರುಚಿ ಕೊಡಲು ಹೆಣಗಿತು. ಒಂದು ದಿನ ನೆಲದವರ ಗುಂಪೊಂದು ಬಂದು ಮಗುಚಿ ಹಾಕಿದ್ದ ದೋಣಿಗಳಲ್ಲಿ ಮೂವತ್ತಕ್ಕೆ ಬೆಂಕಿ ಇಟ್ಟಿತು. ಅಂಕಯ್ಯನ ಮನೆಯ ಹೆಂಚು ಕಲ್ಲೇಟಿಗೆ ಪುಡಿಯಾಯಿತು. ಇನ್ನೊಂದು ದಿನ ಭರಮಣ್ಣನ ಹೆಂಡತಿ ಬೇಲಿ ಸಂದಿನಿಂದ ಒಂದು ಚೀಲ ರಾಗಿ ತಳ್ಳಿ, ಮಾತಾಡದೆ ಓಡಿಹೋದಳು. ಹೊಂಬಾಳವ್ವ ಆ ರಾಗಿಯ ಅಂಬಲಿ ಕಾಯಿಸಿದ ದಿನ, ಮಗಳು ಸತ್ತ ಮೇಲೆ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತಳು.

ಐವತ್ತಮೂರನೆಯ ದಿನ ಬೆಳಗ್ಗೆ ದೋಣಿಗರು ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಸಾಲಾಗಿ ಸೇತುವೆಯ ಬಾಗಿಲಿಗೆ ನಡೆದರು. ನಾಲ್ಕುನೂರ ಹನ್ನೆರಡು ಮಂದಿ. ಮುಂದೆ ಹೊಂಬಾಳವ್ವ, ಅವಳ ಪಕ್ಕದಲ್ಲಿ ಅಂಕಯ್ಯ. ಬಾಗಿಲ ಮುಂದೆ ಎಲ್ಲರೂ ಕೂತರು. ಕೂಗಲಿಲ್ಲ, ಕಲ್ಲೆತ್ತಲಿಲ್ಲ. ಅದರಿಂದ ಅಧಿಕಾರಿಗಳಿಗೆ ಬಹಳ ಕಸಿವಿಸಿಯಾಯಿತು. ಲಾಠಿ ಏಟಿಗೆ ಮುಂಚೆ ಕಲ್ಲು ತೂರಾಟ ನಡೆಯಬೇಕೆಂಬುದು ರೂಢಿ. ಕೊನೆಗೆ, ಗುಂಪು ಅತಿಯಾಗಿ ಶಾಂತವಾಗಿದ್ದು ಶಾಂತಿಭಂಗದ ಸಾಧ್ಯತೆ ಇದೆ ಎಂದು ಬರೆದುಕೊಂಡು ಕುದುರೆಗಳನ್ನು ಬಿಟ್ಟರು.

ದೊಣ್ಣೆಗಳು ತಲೆ, ಬೆನ್ನು, ಮಂಡಿ ಯಾವುದನ್ನೂ ಭೇದವೆಣಿಸದೆ ಸಮಾನವಾಗಿ ಬಡಿದವು. ಅಂಕಯ್ಯನ ಬಲಗೈ ಮುರಿಯಿತು. ಹೊಂಬಾಳವ್ವನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ಸೆರಗಿನಿಂದ ಒರೆಸಿಕೊಂಡು ಮತ್ತೆ ಕೂತಲ್ಲೇ ಕೂತಳು. ಕೂತವರೆಲ್ಲರಿಗೂ ಕೋಳ ಹಾಕಿದರು.

ಆಗ ರಾಜ್ಯದ ಇತಿಹಾಸದಲ್ಲೇ ಕಾಣದ ಒಂದು ಸಾಂವಿಧಾನಿಕ ಬಿಕ್ಕಟ್ಟು ಎದುರಾಯಿತು. ಸೆರೆಮನೆ ಇರುವುದು ಅರಮನೆಯ ದಡದಲ್ಲಿ. ದೋಣಿಗರು ಸೇತುವೆ ದಾಟುವಂತಿಲ್ಲ. ದೋಣಿಯಲ್ಲಿ ಸಾಗಿಸೋಣವೆಂದರೆ ಹುಟ್ಟು ಹಾಕುವವರೆಲ್ಲ ಕೋಳ ತೊಟ್ಟು ಕೂತಿದ್ದಾರೆ. ನೆಲದವರಲ್ಲಿ ಒಬ್ಬನಿಗೂ ದೋಣಿ ನಡೆಸಲು ಬಾರದು. ತುರ್ತು ಸಮಿತಿ ಸೇರಿತು. ಬಿಸಿಲು ನೆತ್ತಿಗೇರಿತು. ಕೈದಿಗಳು ಕೂತೇ ಇದ್ದರು, ಅವರನ್ನು ಕಾಯುತ್ತ ಕುದುರೆಗಳೂ ನಿಂತೇ ಇದ್ದವು.

ಮಧ್ಯಾಹ್ನದ ಹೊತ್ತಿಗೆ ತಥಾಸ್ತುರಾಯರೇ ದಾರಿ ಕಂಡುಹಿಡಿದರು. ಸುತ್ತೋಲೆ ಹೀಗಿತ್ತು: "ಕೋಳ ಹಾಕಿದ ಕ್ಷಣದಿಂದ ದೋಣಿಗನು ದೋಣಿಗನಲ್ಲ, ಸರ್ಕಾರಿ ಸರಕು. ಸರಕು ಸಾಗಣೆಗೆ ಸೇತುವೆಯ ಬಳಕೆ ನಿಷಿದ್ಧವಲ್ಲ."

ಹೀಗೆ, ನೂರು ವರ್ಷದ ಮೇಲೆ, ದೋಣಿಗರು ತಮ್ಮ ಅಜ್ಜಂದಿರು ಕಟ್ಟಿದ ಸೇತುವೆಯ ಮೇಲೆ ನಡೆದರು.

ಅವಸರ ಮಾಡಲಿಲ್ಲ. ಸಿಪಾಯಿಗಳು ದಬ್ಬಿದರೂ ಹೆಜ್ಜೆ ಎಣಿಸಿ ಇಟ್ಟರು. ಮುದುಕನೊಬ್ಬ ಕೋಳದ ಕೈಯನ್ನು ಚಾಚಿ ಸೇತುವೆಯ ಅಂಚಿನ ಮೋಟುಗೋಡೆಯನ್ನು ಉದ್ದಕ್ಕೂ ಸವರುತ್ತ ಹೋದ. "ಇದು ನಮ್ ತಾತ ಹೊಡೆದ ಉಳಿ ಏಟು ಕಣ್ರಲಾ," ಎಂದು ಪಕ್ಕದವನಿಗೆ ತೋರಿಸಿದ. ಅದು ಯಾರ ಏಟೋ, ಯಾರಿಗೆ ಗೊತ್ತು? ಪಕ್ಕದವನೂ ಮುಟ್ಟಿ ನೋಡಿದ. ಆರನೆಯ ಕಮಾನಿನ ಮೇಲೆ ಹೊಂಬಾಳವ್ವ ನಿಂತಳು. ಸಿಪಾಯಿ ದೊಣ್ಣೆ ಎತ್ತಿದ. ಅವಳು ಅವನ ಕಡೆ ತಿರುಗಿಯೂ ನೋಡದೆ, ಕೆಳಗೆ ಹರಿಯುವ ನೀರಿಗೆ ಕೈ ಮುಗಿದು, ಮುಂದೆ ನಡೆದಳು. ಭರಮಣ್ಣ ಬಾಗಿಲಲ್ಲಿ ಪೇಟ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಸೆಕೆಗೆ ತೆಗೆದೆನೆಂದು ಆಮೇಲೆ ವಿಚಾರಣೆಯಲ್ಲಿ ಹೇಳಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಕೈದಿಗಳನ್ನೆಲ್ಲ ಬಿಟ್ಟಿದ್ದರು. ಪ್ರಕರಣ ಮತ್ತೆ ಬಂತು. ಅಂಕಯ್ಯ ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಎದ್ದುನಿಂತ.

"ಮಹಾಸ್ವಾಮಿ, ನಾಲ್ಕುನೂರ ಹನ್ನೆರಡು ದೋಣಿಗರು ಸೇತುವೆ ದಾಟಿದ್ದಾರೆ. ಕಮಾನು ಕುಸಿಯಲಿಲ್ಲ. ನೆಲದವರ ಯಾರ ಮೈಬಣ್ಣವೂ ಕೆಡಲಿಲ್ಲ. ಕೋಳ ತೊಟ್ಟು ನಡೆದರೆ ಕೆಡದ ಕಲ್ಲು, ಕೋಳವಿಲ್ಲದೆ ನಡೆದರೆ ಹೇಗೆ ಕೆಟ್ಟೀತು? ಎರಡೂ ಬರಾಬರಿ ಎಂದಿರಿ. ಹೊಂಬಾಳವ್ವನ ಮಗಳು ಇದೇ ಸೇತುವೆಯ ನೆರಳಿನಲ್ಲಿ ಸತ್ತಳು. ಮೇಲೆ ಒಂದು ನಾಯಿ ಪಲ್ಲಕ್ಕಿಯಲ್ಲಿ ಹೋಗುತ್ತಿತ್ತು. ಬರಾಬರಿ ಎಂಬ ಮಾತಿನ ಅರ್ಥ ಇದೇ ಆದರೆ, ಅದನ್ನು ಆ ತಾಯಿಯ ಮುಖ ನೋಡಿ ಒಮ್ಮೆ ಹೇಳಿಬಿಡಿ. ನಾನು ಕೂರುತ್ತೇನೆ."

ಸಾವಧಾನಯ್ಯನವರು ಹೊಂಬಾಳವ್ವನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಎರಡು ತಿಂಗಳಿಂದ ತಮ್ಮ ಅನ್ನವನ್ನು ತಾವೇ ಸೀಯಿಸಿಕೊಂಡು ತಿಂದಿದ್ದರಿಂದ ಅವರ ಬುದ್ಧಿ ತಿಳಿಯಾಗಿತ್ತೆಂದು ಕೆಲವರು ಹೇಳುತ್ತಾರೆ. ಇರಬಹುದು. ಅಂತೂ ತೀರ್ಪು ಬರೆದರು. "ಬೇರೆ ಎಂದು ಬರೆದ ಕ್ಷಣವೇ ಬರಾಬರಿ ಸತ್ತಿತು. ದೋಣಿಗರಿಗೂ ನೆಲದವರಿಗೂ ಸೇತುವೆಯ ವಿಷಯದಲ್ಲಿ ಯಾವ ಭೇದವೂ ಇರಕೂಡದು." ಇಷ್ಟು ಬರೆದು ಲೇಖನಿ ಇಟ್ಟಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಹೆಸರಿಗೆ ತಕ್ಕಂತೆ ಇನ್ನೊಂದು ಸಾಲು ಸೇರಿಸಿದರು: "ಈ ಆಜ್ಞೆಯನ್ನು ಸರ್ಕಾರವು ತನಗೆ ಸರಿಕಂಡ ರೀತಿಯಲ್ಲಿ, ಅವಸರವಿಲ್ಲದ ತ್ವರೆಯಿಂದ ಜಾರಿಗೊಳಿಸತಕ್ಕದ್ದು."

ಹೊರಗೆ ದೋಣಿಗರು ಕುಣಿದರು. ಅಂಕಯ್ಯನನ್ನು, ಮುರಿದ ಕೈಯನ್ನು ಮರೆತು, ಹೆಗಲ ಮೇಲೆ ಹೊತ್ತರು. ಹೊಂಬಾಳವ್ವ ಕುಣಿಯಲಿಲ್ಲ.

"ಅಂಕಯ್ಯ, ಅವಸರ ಇಲ್ದಿರ ತ್ವರೆ ಅಂದ್ರೆ ಯಾವತ್ತು?" ಎಂದು ಕೇಳಿದಳು.

"ಅದನ್ನು ಬರೆದಿಲ್ಲ, ಅವ್ವ," ಎಂದ ಅಂಕಯ್ಯ, ಹೆಗಲ ಮೇಲಿಂದ ಇಳಿಯುತ್ತ.

ತೀರ್ಪಿನ ಪ್ರತಿ ಅರಮನೆ ತಲುಪಿದ ದಿನ ಒಡ್ಡೋಲಗ ಸ್ಮಶಾನದಂತಿತ್ತು. ಒಬ್ಬ ಸಾಮಂತ ತಾನು ಪ್ರಾಣ ಬಿಟ್ಟೇನು, ಸೇತುವೆ ಬಿಡೆನು ಎಂದ. ಮತ್ತೊಬ್ಬ, ಸೇತುವೆಗೆ ಉದ್ದಕ್ಕೆ ಗೋಡೆ ಎಬ್ಬಿಸಿ, ಮುಕ್ಕಾಲು ಭಾಗ ನೆಲದವರಿಗೆ, ಉಳಿದದ್ದು ದೋಣಿಗರಿಗೆ ಎಂದ. ಇನ್ನೊಬ್ಬ, ಸೇತುವೆ ಹತ್ತುವ ದೋಣಿಗರು ರಾಜವಂಶಾವಳಿಯನ್ನು ಹಿಂದುಮುಂದಾಗಿ ಒಪ್ಪಿಸಬೇಕೆಂದು ಪರೀಕ್ಷೆ ಇಡೋಣ ಎಂದ. ತನಗೂ ಅದು ಬಾರದೆಂದು ನೆನಪಾಗಿ ಸುಮ್ಮನಾದ.

ಮಹಾರಾಜರು ಕೈಯೆತ್ತಿದರು. ಅವರ ಮುಖದಲ್ಲಿ, ಬಹಳ ಅಪರೂಪಕ್ಕೆ, ಆಲೋಚನೆಯಂಥದೇನೋ ಹಾದುಹೋಯಿತು.

"ಮಹಾಮಂತ್ರಿಗಳೇ, ನ್ಯಾಯಸ್ಥಾನ ಹೇಳಿದ್ದೇನು?"

"ಸೇತುವೆಯ ವಿಷಯದಲ್ಲಿ ಭೇದ ಕೂಡದು ಎಂದು, ಪ್ರಭು."

"ಸೇತುವೆ ಇರಬೇಕು ಎಂದು ಹೇಳಿದೆಯೆ?"

ತಥಾಸ್ತುರಾಯರು ತೀರ್ಪನ್ನು ತಿರುವಿ ಹಾಕಿದರು. ಮೇಲಿಂದ ಓದಿದರು, ಕೆಳಗಿಂದ ಓದಿದರು. ಅವರ ಕಣ್ಣಲ್ಲಿ ನೀರಾಡಿತು. "ಇಲ್ಲ, ಪ್ರಭು! ಎಲ್ಲಿಯೂ ಹೇಳಿಲ್ಲ!"

"ಹಾಗಾದರೆ ಕೆಡವಿಬಿಡಿ. ಅವರಿಗೂ ಇಲ್ಲ, ನಮಗೂ ಇಲ್ಲ. ಇದಕ್ಕಿಂತ ಸಮಾನತೆ ಇನ್ನಾವುದಿದೆ?"

ಸಭೆ ಎದ್ದು ನಿಂತು ಜಯಘೋಷ ಮಾಡಿತು. ಪ್ರಾಣ ಬಿಡಲಿದ್ದ ಸಾಮಂತನೇ ಮೊದಲು ಕೂಗಿದವನು. ಆಸ್ಥಾನಕವಿ ಅಲ್ಲೇ ಆಶುಕವಿತೆ ಕಟ್ಟಿ, ಅದರಲ್ಲಿ ಮಹಾರಾಜರನ್ನು ಸೂರ್ಯನಿಗೂ, ಸೂರ್ಯನನ್ನು ಮಹಾರಾಜರಿಗೂ ಹೋಲಿಸಿದ.

ಕೆಡವುವ ಟೆಂಡರು ಮಹಾಮಂತ್ರಿಗಳ ಷಡ್ಡಕನಿಗೆ, ಸಂಪೂರ್ಣ ಪಾರದರ್ಶಕವಾಗಿ, ಸಿಕ್ಕಿತು. ಮದ್ದಿಟ್ಟು ಸಿಡಿಸುವ ದಿನ ಸರ್ಕಾರಿ ರಜೆ. ನೆಲದವರು ಎರಡೂ ದಡದಲ್ಲಿ ಕಿಕ್ಕಿರಿದು ನಿಂತು, ಒಂದೊಂದು ಕಮಾನು ಬಿದ್ದಾಗಲೂ ಚಪ್ಪಾಳೆ ತಟ್ಟಿದರು. ಹೊಲದ ದಡದ ನೆಲದ ರೈತರು, ಗಾಣದವರು, ಮಕ್ಕಳನ್ನು ದಿನಾ ಪಾಠಶಾಲೆಗೆ ಕಳಿಸುವವರು ಎಲ್ಲರೂ ತಟ್ಟಿದರು. ಮನೆಗೆ ಹೋಗಬೇಕೆಂದಾಗ, ಅರ್ಧದಷ್ಟು ಜನ ತಮ್ಮ ಮನೆ ಇರುವ ದಡದಲ್ಲಿ ಇರಲಿಲ್ಲ.

ಮಾರನೆಯ ವಾರ ಮಹಾರಾಜರಿಗೆ 'ಸಮತಾಸಾರ್ವಭೌಮ' ಎಂಬ ಬಿರುದನ್ನೂ ವಜ್ರದ ಹೊಸ ಕಿರೀಟವನ್ನೂ ಅರ್ಪಿಸಲಾಯಿತು. ಸೇತುವೆಯ ನಿರ್ವಹಣೆಗೆಂದು ಎತ್ತುತ್ತಿದ್ದ ಸೇತು ಸುಂಕ ಮೊದಲಿನಂತೆಯೇ ಮುಂದುವರಿಯಿತು. ಸುಂಕದ ಕಾಯಿದೆಯಲ್ಲಿ ಸೇತುವೆ ಇರಲೇಬೇಕೆಂದು ಬರೆದಿರಲಿಲ್ಲ. ಅದರ ಮೇಲೆ ಕಿರೀಟದ ತೆರಿಗೆ ಬಂತು, ಎರಡು ವರ್ಗಕ್ಕೂ ಭೇದವಿಲ್ಲದೆ. ಭರಮಣ್ಣನ ನೌಕರಿ ಹೋಗಲಿಲ್ಲ. ಇಲ್ಲದ ಸೇತುವೆಯ ಬಾಗಿಲಲ್ಲಿ ಬಣ್ಣದ ಹಲಗೆಯ ಪಕ್ಕ ಅವನು ದಿನಾ ಬೆಳಗಿಂದ ಸಂಜೆಯವರೆಗೆ ನಿಲ್ಲುತ್ತಿದ್ದ.

ಅಂಕಯ್ಯ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ. ಸೇತುವೆಯೇ ಇಲ್ಲವಾದ್ದರಿಂದ ಅದರ ವಿಷಯದಲ್ಲಿ ಭೇದ ಸಾಧ್ಯವಿಲ್ಲ ಎಂದು ಸಾವಧಾನಯ್ಯನವರು ಅರ್ಜಿಯನ್ನು ತಳ್ಳಿಹಾಕಿ, ನಿವೃತ್ತಿ ಪಡೆದು, ಹವಾ ಬದಲಾವಣೆಗೆ ಹೋಗಲು ದಾರಿಯಿಲ್ಲದೆ ಮನೆಯಲ್ಲೇ ಕುಳಿತರು.

ಮುಂದಿನ ಆಷಾಢ ಬಂತು. ಹೊಲದ ದಡದ ದೋಣಿಗಟ್ಟೆಯಲ್ಲಿ ಅರ್ಧ ಮೈಲಿ ಸಾಲು. ಬೆಂಕಿಗೆ ಆಹುತಿಯಾಗದೆ ಉಳಿದಿದ್ದ ದೋಣಿಗಳೇ ಎಲ್ಲರಿಗೂ ಸಾಲಬೇಕು. ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಹೊಂಬಾಳವ್ವನೂ ಅಂಕಯ್ಯನೂ ಸಾಲಿನಲ್ಲಿದ್ದರು. ಎಲ್ಲರಿಗಾಗಿ ಹೊಸ ಸೇತುವೆ ಕಟ್ಟಬೇಕೆಂದು ಕೇಳುವ ಅರ್ಜಿ ಅಂಕಯ್ಯನ ಅಂಗಿಯೊಳಗೆ ಬೆಚ್ಚಗಿತ್ತು. ಅವರ ಮುಂದೆ ನೆಲದವನೊಬ್ಬ, ಎಣ್ಣೆ ವ್ಯಾಪಾರಿ ಮುದ್ದಪ್ಪ, ನಿಂತಿದ್ದ. ಪಕ್ಕದ ಗಾಡಿಯಲ್ಲಿ ಅವನ ಹೆಂಡತಿ ಜ್ವರದಿಂದ ನಡುಗುತ್ತ ಮಲಗಿದ್ದಳು. ಬೆಳಗಿಂದ ಕಾಯುತ್ತಿದ್ದರು.

ಹೊಂಬಾಳವ್ವ ತಾನು ಹೊದ್ದಿದ್ದ ಕಂಬಳಿಯನ್ನು ತೆಗೆದು ಆ ಹೆಂಗಸಿಗೆ ಹೊದಿಸಿದಳು. ಹಣೆ ಮುಟ್ಟಿ ನೋಡಿದಳು.

"ಯಜಮಾನ್ರೆ, ಮೈ ಕೆಂಡ ಆಗದೆ. ನಮ್ಗಿಂತ ಮುಂದ್ಲೋರ್ನ ಕೇಳ್ಕೊಂಡು ಮೊದಲ್ನೇ ದೋಣೀಗೆ ಹತ್ತಿಸ್ಕೊಳಿ. ಹುಟ್ಟು ಹಾಕೋರು ನಮ್ಮೋರೆ, ನಾನ್ ಹೇಳ್ತೀನಿ."

ಮುದ್ದಪ್ಪ ನದಿಯ ಕಡೆ ನೋಡಿದ. ಮುರಿದ ಕಂಬಗಳ ಸುತ್ತ ನೀರು ಸುಳಿ ಸುತ್ತುತ್ತಿತ್ತು. ತನ್ನ ಮುಂದಿದ್ದ ನೆಲದವನ ಕಡೆ ಬಾಗಿ, ತಗ್ಗಿದ ದನಿಯಲ್ಲಿ, ತೃಪ್ತಿಯಿಂದ ಹೇಳಿದ:

"ಕಷ್ಟ ಆಗಿರೋದು ನಿಜ ಕಣ್ರಿ. ಆದ್ರೂ ಒಂದು ಸಮಾಧಾನ. ಇವ್ರು ಮಾತ್ರ ನಮ್ ಜೊತೆ ನಡೆಯೋ ಹಾಗಾಗ್ಲಿಲ್ಲವಲ್ಲ."

ಸಾಲಿನಲ್ಲಿದ್ದ ನೆಲದವರೆಲ್ಲ ತೊಯ್ದ ತಲೆಗಳನ್ನು ಆಡಿಸಿ ಹೌದೆಂದರು. ದೋಣಿ ಇನ್ನೂ ಬಂದಿರಲಿಲ್ಲ.